ಇಟ್ಟ ವಸ್ತು ಇಟ್ಟಲ್ಲಿಯೇ: ಲಿನಕ್ಸ್ ಡೆಸ್ಕ್‌ಟಾಪಿನ ಒಂದು ಇತಿಹಾಸ



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮೇಷ್ಟ್ರೇ, ನೀವು ಎಷ್ಟೋ ವರ್ಷಗಳಿಂದ ಲಿನಕ್ಸ್ ಬಳಸುತ್ತಿದ್ದೀರಲ್ಲ, ನಮ್ಮ ಹಳೆಯ ಕಂಪ್ಯೂಟರಿಗೂ ಅದನ್ನೇ ಹಾಕಿಕೊಳ್ಳೋಣ ಎಂದಿದ್ದೇವೆ. ಅದರಲ್ಲಿ ಡೆಸ್ಕ್‌ಟಾಪುಗಳೇ ಹತ್ತಾರು ಇವೆಯಂತೆ. ಯಾವುದರಲ್ಲಿ ಸೌಲಭ್ಯ ಹೆಚ್ಚು, ಹೇಳಿ." ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನನ್ನು ಏನು ಕೇಳಿದರೂ ಉತ್ತರ ಇತಿಹಾಸದಿಂದಲೇ ಹೊರಡುತ್ತದೆ ಎಂಬುದು ನಿಮಗೆ ತಿಳಿಯದ್ದೇನಲ್ಲ. ಆದ್ದರಿಂದ ಸ್ವಲ್ಪ ತಾಳ್ಮೆ ಇರಲಿ.

ಲಿನಕ್ಸ್ ಎಂಬುದು ಮೂಲತಃ ಗಣಕದ ಯಂತ್ರಭಾಗಗಳನ್ನು ನಡೆಸುವ ಒಳತಿರುಳು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದನ್ನು 1991ರಲ್ಲಿ ಹೊರತಂದನು. ನಾವು ಕಣ್ಣಿನಿಂದ ನೋಡುವ ಪರದೆ, ಕಿಟಕಿ, ಮೆನು, ಕಡತಗಳ ಪೆಟ್ಟಿಗೆ, ಗಡಿಯಾರ, ಕಸದ ಬುಟ್ಟಿ ಇವು ಯಾವುವೂ ಆ ತಿರುಳಿನಲ್ಲಿಲ್ಲ. ಅವುಗಳನ್ನೆಲ್ಲ ಒಂದಾಗಿ ಒದಗಿಸುವ ತಂತ್ರಾಂಶಸಮೂಹಕ್ಕೆ ಡೆಸ್ಕ್‌ಟಾಪ್ ಪರಿಸರವೆಂದು ಹೆಸರು. ವಿಂಡೋಸಿನಲ್ಲಿ ತಿರುಳೂ ಹೊರರೂಪವೂ ಒಂದೇ ಕಂಪನಿಯ ಕೈಯಲ್ಲಿರುವುದರಿಂದ ಈ ಭೇದವು ನಮ್ಮ ಗಮನಕ್ಕೆ ಬರುವುದಿಲ್ಲ. ಲಿನಕ್ಸಿನಲ್ಲಿ ಮಾತ್ರ ತಿರುಳು ಒಂದೇ, ಮುಖಗಳು ಹಲವು.

ಮೊದಮೊದಲು ಆ ಮುಖವೂ ಇರಲಿಲ್ಲ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸಲು ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಇತ್ತು. ಆದರೆ ಅದರ ಮೇಲೆ ನಡೆಯುವ ಒಂದೊಂದು ತಂತ್ರಾಂಶಕ್ಕೂ ಒಂದೊಂದು ರೂಪ, ಒಂದೊಂದು ರೀತಿ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಪ್ರಯೋಜನಕ್ಕೆ ಬಾರದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ 1996ರ ಅಕ್ಟೋಬರ್ 14ರಂದು ಇದೇ ಕೊರತೆಯನ್ನು ಎತ್ತಿ ತೋರಿಸಿ, ವ್ಯವಸ್ಥೆಯನ್ನು ನಿರ್ವಹಿಸುವ ಪಂಡಿತರಿಗಾಗಿ ಅಲ್ಲ, ಸಾಮಾನ್ಯ ಬಳಕೆದಾರನಿಗಾಗಿ ಒಂದು ಏಕರೂಪದ ಪರಿಸರವನ್ನು ಕಟ್ಟೋಣ ಬನ್ನಿ ಎಂದು ಬಹಿರಂಗವಾಗಿ ಕರೆ ನೀಡಿದನು. ಹೀಗೆ ಕೆಡಿಇ ಹುಟ್ಟಿತು. (ವಿಂಡೋಸ್ 10ರ ಬೆಂಬಲ ಮುಗಿದದ್ದೂ ಅಕ್ಟೋಬರ್ 14ರಂದೇ. ಕಾಕತಾಳೀಯ, ಅಷ್ಟೇ.) ಅದರ ಮೊದಲ ಪೂರ್ಣ ಆವೃತ್ತಿ 1998ರ ಜುಲೈನಲ್ಲಿ ಹೊರಬಂದಿತು.

ಕೆಡಿಇ ನೆಚ್ಚಿಕೊಂಡಿದ್ದ ಕ್ಯೂಟಿ ಎಂಬ ತಂತ್ರಾಂಶಸಾಮಗ್ರಿಯ ಪರವಾನಗಿ ಆಗ ಪೂರ್ಣ ಮುಕ್ತವಾಗಿರಲಿಲ್ಲ. ಇದನ್ನು ಒಪ್ಪದ ಮೆಕ್ಸಿಕೋದ ಮಿಗೆಲ್ ಡಿ ಇಕಾಝಾ ಮತ್ತು ಫೆಡೆರಿಕೊ ಮೇನಾ 1997ರ ಆಗಸ್ಟಿನಲ್ಲಿ ಗ್ನೋಮ್ ಯೋಜನೆಯನ್ನು ಆರಂಭಿಸಿದರು. 2000ದ ಸೆಪ್ಟೆಂಬರಿನಲ್ಲಿ ಕ್ಯೂಟಿ ಜಿಪಿಎಲ್ ಪರವಾನಗಿಗೆ ಬಂದಿತು, ಜಗಳದ ಕಾರಣ ಮುಗಿಯಿತು. ಆದರೆ ಅಷ್ಟರಲ್ಲಿ ಮನೆಗಳು ಎರಡಾಗಿದ್ದವು. ಹಿರಿಯರ ಜಗಳ ತೀರಿದ ಮೇಲೂ ಪಾಲಾದ ಮನೆಗಳು ಒಂದಾಗುವುದು ಎಲ್ಲಿಯಾದರೂ ಉಂಟೇ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಳಕೆದಾರರು ಡೆಸ್ಕ್‌ಟಾಪಿನಲ್ಲಿ ಬಯಸುವುದೇನು? ಅವರನ್ನೇ ಕೇಳಿದರೆ ಪಟ್ಟಿ ಕೊಡುತ್ತಾರೆ: ವೇಗ, ಅಂದ, ಕಡಿಮೆ ಮೆಮೊರಿ, ಬೇಕಾದಂತೆ ಬದಲಿಸಿಕೊಳ್ಳುವ ಸ್ವಾತಂತ್ರ್ಯ. ಅವರು ಯಾವಾಗ ಕೋಪಗೊಂಡರು, ಏನನ್ನು ಕಳೆದುಕೊಂಡಾಗ ಮನೆ ಬಿಟ್ಟು ಹೊರಟರು ಎಂಬುದನ್ನು ನೋಡಿದರೆ ಬೇರೆಯದೇ ಉತ್ತರ ದೊರೆಯುತ್ತದೆ. ಅರಸರ ಶಾಸನಗಳಿಗಿಂತ ದಂಗೆಗಳೇ ಪ್ರಜೆಗಳ ಮನಸ್ಸನ್ನು ಹೆಚ್ಚು ಹೇಳುತ್ತವೆ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು.

2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಗ್ನೋಮ್ ಪರಿಚಯವಿಲ್ಲದ ಜನರನ್ನು ಕೂರಿಸಿ, ಸಣ್ಣ ಸಣ್ಣ ಕೆಲಸಗಳನ್ನು ಕೊಟ್ಟು, ಅವರು ಎಡವಿದ ಕಡೆಗಳನ್ನೆಲ್ಲ ದಾಖಲಿಸಿದರು. ಇಂತಹ ವಿಚಾರಗಳ ಬೆಳಕಿನಲ್ಲಿ 2002ರ ಜೂನಿನಲ್ಲಿ ಬಂದ ಗ್ನೋಮ್ 2ರಲ್ಲಿ ಅನೇಕ ಆಯ್ಕೆಗಳನ್ನು ತೆಗೆದುಹಾಕಲಾಯಿತು. ಆ ಬಳಗದ ಹ್ಯಾವಕ್ ಪೆನ್ನಿಂಗ್ಟನ್ ಅವರ ವಾದ ಹೀಗಿತ್ತು: ಪ್ರತಿಯೊಂದು ಆಯ್ಕೆಗೂ ಬೆಲೆಯಿದೆ. ಆಯ್ಕೆ ಹೆಚ್ಚಿದಷ್ಟೂ ಪರೀಕ್ಷಿಸಬೇಕಾದ ಸಂಯೋಜನೆಗಳು ಹೆಚ್ಚುತ್ತವೆ, ದೋಷಗಳು ಅಡಗಿಕೊಳ್ಳುತ್ತವೆ, ಹೊಸಬನು ದಾರಿ ತಪ್ಪುತ್ತಾನೆ. ನನಗೆ ಇದು ಬಹುಮಟ್ಟಿಗೆ ಸರಿಯೆನಿಸುತ್ತದೆ. ಆದರೆ ಹಳೆಯ ಬಳಕೆದಾರರು ಕೆರಳಿದರು. 2005ರ ಡಿಸೆಂಬರಿನಲ್ಲಿ ಸ್ವತಃ ಟೊರ್ವಾಲ್ಡ್ಸ್, ಬಳಕೆದಾರರನ್ನು ದಡ್ಡರೆಂದು ಭಾವಿಸಿ ರೂಪಿಸಿದ ವಸ್ತುವನ್ನು ದಡ್ಡರೇ ಬಳಸಬೇಕಾದೀತು ಎಂಬರ್ಥದ ಕಟುವಾದ ಮಾತನ್ನಾಡಿ, ಎಲ್ಲರೂ ಕೆಡಿಇ ಬಳಸಿರೆಂದು ಸಲಹೆ ಕೊಟ್ಟನು.

ಮುಂದಿನದನ್ನು ಗಮನಿಸಿ. 2008ರ ಜನವರಿಯಲ್ಲಿ ಕೆಡಿಇ 4.0 ಬಂದಿತು. ಒಳಗಿನದೆಲ್ಲವನ್ನೂ ಹೊಸದಾಗಿ ಕಟ್ಟಿದ್ದರು. ಇದು ಇನ್ನೂ ಪಕ್ವವಾಗಿಲ್ಲವೆಂದು ಕಟ್ಟಿದವರೇ ಹೇಳಿದ್ದರೂ ಕೆಲವು ವಿತರಣೆಗಳು ಅದನ್ನೇ ಜನರ ಕೈಗಿತ್ತವು. ಪರದೆಯ ಮೇಲೆ ಕಡತಗಳನ್ನು ಇಟ್ಟುಕೊಳ್ಳುವ ಹಳೆಯ ಪದ್ಧತಿಯೂ ಮೊದಲಿನಂತೆ ಉಳಿಯಲಿಲ್ಲ. ಆಗ ಟೊರ್ವಾಲ್ಡ್ಸ್ ಏನು ಮಾಡಿದನು ಬಲ್ಲಿರಾ? ತಾನೇ ಹೀಗಳೆದಿದ್ದ ಗ್ನೋಮ್ 2ಕ್ಕೆ ಹೋಗಿ ಸೇರಿದನು. ಕೆಡಿಇ 3.5ನ್ನು ಬಿಡಲೊಲ್ಲದ ಕೆಲವರು ಟ್ರಿನಿಟಿ ಎಂಬ ಹೆಸರಿನಲ್ಲಿ ಅದನ್ನೇ ಉಳಿಸಿಕೊಂಡರು.

ನಾನು ಲಿನಕ್ಸಿಗೆ ಬಂದದ್ದು ಅದೇ 2008ರಲ್ಲಿ, ನಿವೃತ್ತಿಯ ನಂತರ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಾಗ ನಮ್ಮ ಮನೆಯ ಗಣಕಕ್ಕೆ ಒಂದು ವಿತರಣೆಯನ್ನು ಹಾಕಿಕೊಟ್ಟ. ಗ್ನೋಮ್ 2ರ ಪರದೆ, ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ. ಮೇಲಿನ ಪಟ್ಟಿಯ ಎಡತುದಿಯಲ್ಲಿ ಮೂರು ಮೆನುಗಳು: ಅನ್ವಯಗಳು, ಸ್ಥಳಗಳು, ವ್ಯವಸ್ಥೆ. ಹೌದು, ಕನ್ನಡದಲ್ಲಿಯೇ! ಕಡತ, ಸಂಪಾದನೆ, ನೋಟ, ಕಸದ ಬುಟ್ಟಿ. ಈ ಪದಗಳನ್ನು ಒಂದೊಂದಾಗಿ ಅನುವಾದಿಸಿದ ಕನ್ನಡಿಗರ ಶ್ರಮವನ್ನು ನೆನೆಯದೆ ಮುಂದೆ ಹೋಗಲಾರೆ. ಒಂದು ಭಾಷೆಯನ್ನು ಗ್ನೋಮ್ ಬೆಂಬಲಿಸುತ್ತದೆಂದು ಹೇಳಿಕೊಳ್ಳಬೇಕಾದರೆ ಶೇಕಡ 80ರಷ್ಟು ಸಾಲುಗಳಾದರೂ ಅನುವಾದವಾಗಿರಬೇಕೆಂಬ ನಿಯಮವಿತ್ತು. ಹೊಸ ಆವೃತ್ತಿ ಬರುವುದು ಆರು ತಿಂಗಳಿಗೊಮ್ಮೆ. ಅಂದರೆ ಆ ಕೆಲಸ ಮುಗಿಯುವುದೆಂಬುದೇ ಇಲ್ಲ.

ಅನುವಾದಕ್ಕಿಂತ ಮೊದಲು ಅಕ್ಷರಗಳು ಮೂಡಬೇಕಲ್ಲ. ಕನ್ನಡದ ಒತ್ತಕ್ಷರವು ಕೆಳಗಿಳಿಯಬೇಕು, ಕೊಂಬು ಪಕ್ಕಕ್ಕೆ ಕೂರಬೇಕು, ಅರ್ಕಾವತ್ತು ಹಿಂದಕ್ಕೆ ಸರಿಯಬೇಕು. ಇಂಗ್ಲಿಷಿನಂತೆ ಅಕ್ಷರದ ಮುಂದೆ ಅಕ್ಷರ ಇಡುತ್ತ ಹೋದರೆ ಕನ್ನಡವಾಗದು. ಗ್ನೋಮ್ 2ರಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದುದು ಪ್ಯಾಂಗೊ ಎಂಬ ಭಾಗ. ಗ್ರೀಕಿನ 'ಪ್ಯಾನ್' ಎಂದರೆ ಎಲ್ಲ, ಜಪಾನಿಯ 'ಗೊ' ಎಂದರೆ ಭಾಷೆ. ಎರಡು ಖಂಡಗಳ ಪದಗಳನ್ನು ಕೂಡಿಸಿ ಎಲ್ಲ ಭಾಷೆಗಳಿಗೂ ಸಲ್ಲುವ ಹೆಸರನ್ನಿಟ್ಟವರ ಬಗ್ಗೆ ನನಗೆ ಬಹಳ ಗೌರವ. ಹಿಂದೆ ಪ್ರಶ್ನೆಪತ್ರಿಕೆಗಳನ್ನು ಬೆರಳಚ್ಚಿಸುವಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲವನ್ನು ಕಂಡ ನನ್ನಂಥವನಿಗೆ, ಪರದೆಯ ಮೇಲೆ 'ರಾಷ್ಟ್ರಕೂಟ' ಎಂಬ ಪದ ಅಖಂಡವಾಗಿ ಮೂಡಿದ್ದೇ ಎಲ್ಲಕ್ಕಿಂತ ದೊಡ್ಡ ಸೌಲಭ್ಯವಾಗಿತ್ತು.

ನನ್ನ ಶ್ರೀಮತಿಯೂ ಗಣಕ ಕಲಿತಳು. ಮಗಳು ಕಳುಹಿಸುತ್ತಿದ್ದ ಮೊಮ್ಮಗನ ಚಿತ್ರಗಳನ್ನು ನೋಡುವುದು, ದೇವರನಾಮಗಳನ್ನು ಕೇಳುವುದು, ಬೆಳಿಗ್ಗೆ ಪತ್ರಿಕೆಯ ಜಾಲತಾಣವನ್ನು ಓದುವುದು. ಇಷ್ಟಕ್ಕಾಗಿ ಒಂದು ನೂರು ಪುಟದ ನೋಟುಪುಸ್ತಕದಲ್ಲಿ ನಾವಿಬ್ಬರೂ ಸೇರಿ ಕ್ರಮವಾಗಿ ಬರೆದಿಟ್ಟುಕೊಂಡಿದ್ದೆವು: 'ಮೇಲಿನ ಸಾಲು, ಎರಡನೆಯ ಹೆಸರು, ಸ್ಥಳಗಳು, ಅದರಲ್ಲಿ ಚಿತ್ರಗಳು.' ಈಗಿನವರಿಗೆ ನಗು ಬರಬಹುದು. ಆರು ತಿಂಗಳಲ್ಲಿ ಅವಳಿಗೆ ಪುಸ್ತಕ ನೋಡುವ ಅಗತ್ಯವೇ ಬರಲಿಲ್ಲ. ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಇತ್ತ ಲೋಕದಲ್ಲಿ ಗಾಳಿ ಬೇರೆಯಾಗಿತ್ತು. ಕೈಫೋನು, ಟ್ಯಾಬ್ಲೆಟ್ಟುಗಳ ಕಾಲ ಬರುತ್ತಿದ್ದಂತೆ ಡೆಸ್ಕ್‌ಟಾಪ್ ಕಟ್ಟುವವರಿಗೆಲ್ಲ ಹಳೆಯ ವಿನ್ಯಾಸ ಸಾಲದೆನಿಸಿತು. 2010ರ ಏಪ್ರಿಲಿನ ಉಬುಂಟು ಆವೃತ್ತಿಯಲ್ಲಿ ಕಿಟಕಿ ಮುಚ್ಚುವ ಗುಂಡಿಯನ್ನು ಬಲದಿಂದ ಎಡಕ್ಕೆ ಸರಿಸಿದರು. ಅಂಗುಲಗಳ ಲೆಕ್ಕದ ಈ ಸ್ಥಾನಪಲ್ಲಟಕ್ಕೆ ಎದ್ದ ಪ್ರತಿಭಟನೆ ಅಷ್ಟಿಷ್ಟಲ್ಲ. ಇದು ಪ್ರಜಾಪ್ರಭುತ್ವವಲ್ಲ, ವಿನ್ಯಾಸದ ತೀರ್ಮಾನಗಳನ್ನು ಮತಕ್ಕೆ ಹಾಕುವುದಿಲ್ಲ ಎಂದು ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಉತ್ತರಿಸಿದರು. ಮರುವರ್ಷ, 2011ರ ಏಪ್ರಿಲಿನಲ್ಲಿ, ಉಬುಂಟು ತನ್ನ ಯೂನಿಟಿ ಎಂಬ ಹೊಸ ಮುಖವನ್ನು ಎಲ್ಲರಿಗೂ ನೀಡಿತು. ಅದರ ಎಡಬದಿಯ ಪಟ್ಟಿಯನ್ನು ಕೆಳಕ್ಕೆ ಸರಿಸಿಕೊಳ್ಳುವ ಅವಕಾಶ ದೊರೆತದ್ದು 2016ರಲ್ಲಿ! ಐದು ವರ್ಷ.

ಅದೇ ತಿಂಗಳ 6ರಂದು ಗ್ನೋಮ್ 3 ಬಂದಿತ್ತು. ಕೆಳಗಿನ ಪಟ್ಟಿ ಹೋಯಿತು. ಮೂರು ಮೆನುಗಳು ಹೋದವು. ಪರದೆಯ ಮೇಲೆ ಕಡತಗಳನ್ನಿಡುವ ರೂಢಿ ಹೋಯಿತು. ಕಿಟಕಿಯನ್ನು ಕುಗ್ಗಿಸುವ ಮತ್ತು ಹಿಗ್ಗಿಸುವ ಗುಂಡಿಗಳೂ ಹೋದವು. ಎಲ್ಲಕ್ಕಿಂತ ಸೋಜಿಗವೆಂದರೆ, ಗಣಕವನ್ನು ಆರಿಸುವ ಆಜ್ಞೆಯೇ ಕಣ್ಣಿಗೆ ಕಾಣುತ್ತಿರಲಿಲ್ಲ. ಮೆನುವಿನಲ್ಲಿ 'ತಾತ್ಕಾಲಿಕ ನಿದ್ರೆ'ಯಷ್ಟೇ ಇತ್ತು. ಆಲ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಅದೇ ಜಾಗದಲ್ಲಿ 'ಆರಿಸು' ಎಂಬುದು ಪ್ರತ್ಯಕ್ಷವಾಗುತ್ತಿತ್ತು. ಯಾರೂ ಗಣಕವನ್ನು ಆರಿಸಬೇಕಾಗಿಲ್ಲ, ಮಲಗಿಸಿದರೆ ಸಾಕು ಎಂಬುದು ವಿನ್ಯಾಸಕಾರರ ಭಾವನೆ. ದಿನಕ್ಕೆ ನಾಲ್ಕು ಸಲ ವಿದ್ಯುತ್ ಹೋಗುವ ಊರನ್ನು ಅವರು ಕಂಡಿರಲಿಲ್ಲವೆಂದು ಕಾಣುತ್ತದೆ. ಎಲ್ಲ ತೀರ್ಮಾನಗಳ ಹಿಂದೆಯೂ ಕಾರಣಗಳಿದ್ದವು, ಅವರು ಅವನ್ನು ವಿವರಿಸಿಯೂ ಇದ್ದರು. ಆದರೆ ಕಾರಣ ಸರಿಯಿದ್ದ ಮಾತ್ರಕ್ಕೆ ಕೈಯ ಅಭ್ಯಾಸ ಬದಲಾಗುವುದಿಲ್ಲ.

ನಮ್ಮ ಮನೆಗೂ ಈ ಬದಲಾವಣೆ ಬಂದಿತು. ನಾನು ಬಳಸುತ್ತಿದ್ದ ವಿತರಣೆ ಯಾವುದೆಂಬುದು ಇಲ್ಲಿ ಬೇಡ. ಒಂದು ಸಂಜೆ 'ಹೊಸ ಆವೃತ್ತಿ ಲಭ್ಯವಿದೆ' ಎಂಬ ಸೂಚನೆ ಕಂಡು, ವಿಧೇಯ ವಿದ್ಯಾರ್ಥಿಯಂತೆ 'ಸರಿ' ಒತ್ತಿದೆ. ಬೆಳಿಗ್ಗೆ ನೋಡಿದರೆ ಪರದೆಯಲ್ಲಿ ನಮ್ಮದೆಂಬುದೇನೂ ಇರಲಿಲ್ಲ. ಕಡತಗಳೆಲ್ಲ ಸುರಕ್ಷಿತವಾಗಿದ್ದವು, ಆದರೆ ದಾರಿಗಳು ಅಳಿಸಿಹೋಗಿದ್ದವು. ನೋಟುಪುಸ್ತಕದ ಒಂದು ಪುಟವೂ ಪ್ರಯೋಜನಕ್ಕೆ ಬರಲಿಲ್ಲ. "ರೀ, ಯಾರೋ ಬಂದು ನನ್ನ ಅಡುಗೆಮನೆ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿಹೋದ ಹಾಗಿದೆ," ಎಂದಳು ಅವಳು. ಒಂದು ವಾರ ಪ್ರಯತ್ನಿಸಿದಳು. ಆಮೇಲೆ ಚಿತ್ರ ನೋಡಬೇಕೆನಿಸಿದಾಗ ನನ್ನನ್ನು ಕರೆಯತೊಡಗಿದಳು. ಕ್ರಮೇಣ ಕರೆಯುವುದನ್ನೂ ಬಿಟ್ಟಳು. "ನನಗೆ ವಯಸ್ಸಾಯಿತು, ಇವೆಲ್ಲ ತಲೆಗೆ ಹತ್ತುವುದಿಲ್ಲ ಬಿಡಿ" ಎಂದದ್ದು ನನಗೆ ಬಹಳ ನೋವುಂಟುಮಾಡಿತು. ಏಕೆಂದರೆ ತಪ್ಪು ಅವಳ ತಲೆಯದಾಗಿರಲಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ತನಗೆ ಗಣಿತ ಬರುವುದಿಲ್ಲವೆಂದು ತೀರ್ಮಾನಿಸಿ ಸುಮ್ಮನಾಗುವುದನ್ನು ಎಷ್ಟೋ ಬಾರಿ ಕಂಡಿದ್ದೇನೆ. ಅದೇ ಮೌನ.

ಆ ವರ್ಷ ಟೊರ್ವಾಲ್ಡ್ಸ್ ಕೂಡ ಗ್ನೋಮ್ 3ನ್ನು ಬಹಿರಂಗವಾಗಿ ಬೈದು, ಎಕ್ಸ್‌ಎಫ್‌ಸಿಇ ಎಂಬ ಹಗುರವಾದ, ಹೆಚ್ಚು ಬದಲಾಗದ ಡೆಸ್ಕ್‌ಟಾಪಿಗೆ ವಲಸೆ ಹೋದನು. ಲಿನಕ್ಸನ್ನೇ ಸೃಷ್ಟಿಸಿದವನೂ ನನ್ನ ಮನೆಯಾಕೆಯೂ ಒಂದೇ ವರ್ಷದಲ್ಲಿ ಒಂದೇ ಬಗೆಯ ಸಂಕಟಕ್ಕೆ ಸಿಕ್ಕಿದರೆಂಬುದು ನನಗೆ ಬಹಳ ಕಾಲದ ನಂತರ ತಿಳಿಯಿತು. ಅವಳಿಗೆ ಹೇಳಿದಾಗ ನಕ್ಕಳು.

ಇನ್ನು ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. 2011ರಲ್ಲಿಯೇ ಅರ್ಜೆಂಟೀನಾದ ಒಬ್ಬ ಬಳಕೆದಾರ, ಗ್ನೋಮ್ 2ನ್ನು ಅದರ ಕರ್ತೃಗಳು ಕೈಬಿಟ್ಟರೇನಂತೆ, ನಾನು ಮುಂದುವರಿಸುತ್ತೇನೆ ಎಂದು ಹೊರಟನು. ಅದರ ಮೂಲಪಾಠವು ಮುಕ್ತ ಪರವಾನಗಿಯಲ್ಲಿದ್ದುದರಿಂದ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆದರೆ ಒಂದು ತೊಡಕಿತ್ತು. ಹಳೆಯ ಗ್ನೋಮಿನ ಭಾಗಗಳೂ ಹೊಸ ಗ್ನೋಮಿನ ಭಾಗಗಳೂ ಒಂದೇ ಹೆಸರನ್ನು ಹೊತ್ತಿದ್ದರೆ ಒಂದೇ ಗಣಕದಲ್ಲಿ ಬಾಳಲಾರವು. ಆದ್ದರಿಂದ ಎಲ್ಲದಕ್ಕೂ ಮರುನಾಮಕರಣವಾಗಬೇಕಾಯಿತು. ಇಡೀ ಪರಿಸರಕ್ಕೆ 'ಮಾಟೆ' ಎಂದು ಹೆಸರಾಯಿತು. ಅದು ದಕ್ಷಿಣ ಅಮೆರಿಕದ ಜನರು ನಮ್ಮ ಕಾಫಿಯಂತೆ ನಿತ್ಯ ಕುಡಿಯುವ ಎಲೆಯ ಕಷಾಯ. ಕಡತಗಳನ್ನು ನೋಡುವ ನಾಟಿಲಸ್ ಎಂಬುದು 'ಕಾಹಾ' ಆಯಿತು. ಸ್ಪ್ಯಾನಿಷಿನಲ್ಲಿ ಪೆಟ್ಟಿಗೆ ಎಂದರ್ಥ. ಬರೆಯುವ ತಂತ್ರಾಂಶ 'ಪ್ಲುಮಾ', ಎಂದರೆ ಲೇಖನಿಯ ಗರಿ. ಕಿಟಕಿಗಳಿಗೆ ಅಂಚು ಕಟ್ಟುವುದು 'ಮಾರ್ಕೊ', ಚೌಕಟ್ಟು. ಪುಸ್ತಕ ಓದಿಸುವುದಕ್ಕೆ 'ಅತ್ರಿಲ್' ಎಂದಿಟ್ಟರು. ಅದಕ್ಕೆ ನಮ್ಮಲ್ಲಿಯೂ ಸೊಗಸಾದ ಪದವಿದೆ, ವ್ಯಾಸಪೀಠ.

ಇದೇ ಕಾಲಕ್ಕೆ ಲಿನಕ್ಸ್ ಮಿಂಟ್ ವಿತರಣೆಯ ಕ್ಲೆಮೆಂಟ್ ಲೆಫೆಬ್ವರ್ ಮತ್ತು ಸಂಗಡಿಗರು ಗ್ನೋಮ್ 3ರ ಒಳಗನ್ನು ಇಟ್ಟುಕೊಂಡು, ಹಳೆಯ ವಿನ್ಯಾಸದ ಹೊರಗನ್ನು ಕಟ್ಟತೊಡಗಿ 'ಸಿನಮನ್' ಎಂದು ಕರೆದರು. ನಾಟಿಲಸ್‌ನಲ್ಲಿ ಒಂದೇ ಕಿಟಕಿಯಲ್ಲಿ ಎರಡು ಕಡತಕೋಶಗಳನ್ನು ಅಕ್ಕಪಕ್ಕ ತೆರೆಯುವ ಅನುಕೂಲವನ್ನು 2012ರಲ್ಲಿ ಗ್ನೋಮ್ ತೆಗೆದುಹಾಕಿದಾಗ ಇವರು ಅದನ್ನೂ ಕವಲೊಡೆಸಿ 'ನೆಮೊ' ಮಾಡಿಕೊಂಡರು. ಗ್ನೋಮಿನವರೂ ಪೂರ್ತಿ ಕಿವುಡರಾಗಿರಲಿಲ್ಲವೆನ್ನಿ. ಆರಿಸುವ ಆಜ್ಞೆ 2012ರಲ್ಲಿ ಮತ್ತೆ ಬೆಳಕಿಗೆ ಬಂದಿತು. 2013ರಲ್ಲಿ ಹಳೆಯ ಮೆನುಗಳನ್ನು ಹೋಲುವ 'ಕ್ಲಾಸಿಕ್' ರೂಪವೊಂದನ್ನು ಒದಗಿಸಿದರು. ಕಚೇರಿಗಳಿಗೆ ಲಿನಕ್ಸ್ ಮಾರುವ ರೆಡ್ ಹ್ಯಾಟ್ ಕಂಪನಿ 2014ರ ತನ್ನ ಆವೃತ್ತಿಯಲ್ಲಿ ಆ ರೂಪವನ್ನೇ ಮುಂದಿಟ್ಟಿತು. ಹಣ ಕೊಡುವ ಗಿರಾಕಿಗಳ ಅಭ್ಯಾಸವನ್ನು ಕೆಡಿಸುವುದು ವ್ಯಾಪಾರಿಗೆ ಒಗ್ಗದು.

ವಿಂಡೋಸಿನ ಪ್ರಜೆಗಳಿಗೂ ಇದೇ ಗತಿಯಾಗಿತ್ತು. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಗುಂಡಿ ಮಾಯವಾಯಿತು, ಮುಂದಿನ ವರ್ಷ ಗುಂಡಿ ಮರಳಿತು, ಮೆನು ಪೂರ್ತಿಯಾಗಿ ಮರಳಲು 2015ರ ವಿಂಡೋಸ್ 10 ಬರಬೇಕಾಯಿತು. ಅಲ್ಲಿ ಕಂಪನಿಯ ಮನಸ್ಸು ಬದಲಾಗುವವರೆಗೆ ಕಾಯುವುದೊಂದೇ ದಾರಿ. ಇಲ್ಲಿ ಕಾಯದವನು ಮಾಟೆ ಕಟ್ಟಿದನು. ಈ ವ್ಯತ್ಯಾಸವನ್ನು ಸೌಲಭ್ಯಗಳ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

ಇತಿಹಾಸಕಾರನ ಕರ್ತವ್ಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2011ರಲ್ಲಿ ಪಿತ್ರಾರ್ಜಿತ ಆಸ್ತಿಯೆಂಬಂತೆ ಜನರು ಎದೆಗವಚಿಕೊಂಡ ಗ್ನೋಮ್ 2ನ್ನೇ 2002ರಲ್ಲಿ ಅನೇಕರು ಹೀಗಳೆದಿದ್ದರು. ಎರಡು ಪಟ್ಟಿ, ಮೂರು ಮೆನುಗಳಲ್ಲಿ ದೈವದತ್ತವಾದದ್ದೇನೂ ಇಲ್ಲ. ಒಂಬತ್ತು ವರ್ಷ ಕದಲದೆ ಇದ್ದುದರಿಂದ ಅವು ಪ್ರಿಯವಾದವು. ಗ್ನೋಮ್ 3ರ ಹಾದಿಯಲ್ಲಿ ಬಂದ ರೂಪವನ್ನೇ ಮೊದಲು ಕಲಿತ ತರುಣರಿಗೆ ನಮ್ಮ ಮೆನುಗಳು ಹಳೆಯ ಕಾಲದ ಪಟ್ಟೆಪೆಟ್ಟಿಗೆಯಂತೆ ಕಾಣುತ್ತವೆ. ಟೊರ್ವಾಲ್ಡ್ಸ್ ಕೂಡ 2013ರ ಹೊತ್ತಿಗೆ ಕೆಲವು ಜೋಡಣೆಗಳನ್ನು ಸೇರಿಸಿಕೊಂಡು ಗ್ನೋಮ್ 3ಕ್ಕೆ ಮರಳಿದ್ದನು. 2017ರ ಏಪ್ರಿಲಿನಲ್ಲಿ ಯೂನಿಟಿಯನ್ನು ಕೈಬಿಡುವುದಾಗಿ ಶಟಲ್‌ವರ್ತ್ ಪ್ರಕಟಿಸಿದಾಗ, ಆರು ವರ್ಷಗಳ ಹಿಂದೆ ಅದನ್ನು ದೂರಿದವರ ಜಾಗದಲ್ಲಿ ಅದಕ್ಕಾಗಿ ಮರುಗುವವರಿದ್ದರು. ಆಮೇಲೆ ಬಂದ ಉಬುಂಟುವಿನ ಗ್ನೋಮಿನಲ್ಲಿ ಎಡಬದಿಯ ಪಟ್ಟಿಯನ್ನು ಹಾಗೆಯೇ ಉಳಿಸಿದರು. ಪಾಠ ಕಲಿತಿದ್ದರೆಂದು ಕಾಣುತ್ತದೆ.

ಕಣ್ಣು ಕಾಣದವರ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಓರ್ಕಾ ಎಂಬ ತಂತ್ರಾಂಶವು 2006ರಿಂದ ಗ್ನೋಮಿನೊಂದಿಗೆ ಬರುತ್ತಿದೆ. 2014ರಲ್ಲಿ ಡೆಬಿಯನ್ ವಿತರಣೆಯವರು ಎಕ್ಸ್‌ಎಫ್‌ಸಿಇಯನ್ನು ಬಿಟ್ಟು ಮತ್ತೆ ಗ್ನೋಮನ್ನು ಮುಖ್ಯವಾಗಿರಿಸಿಕೊಂಡದ್ದಕ್ಕೆ ಇಂತಹ ಅನುಕೂಲಗಳೂ ಒಂದು ಕಾರಣ. ನಮಗೆ ಗುಂಡಿ ಸ್ಥಳ ಬದಲಿಸಿದರೆ ಕಣ್ಣಿನಿಂದ ಹುಡುಕುತ್ತೇವೆ. ಕಿವಿಯಿಂದಲೇ ಕ್ರಮವನ್ನು ನೆನಪಿಟ್ಟುಕೊಂಡವರಿಗೆ ಅದೇ ಬದಲಾವಣೆ ಎಷ್ಟು ಪಟ್ಟು ಭಾರವಾದೀತೆಂದು ಯೋಚಿಸಿ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ಮೇಷ್ಟ್ರು ಜಾರಿಕೊಂಡರೆಂದು ಯಾರೂ ಅನ್ನುವುದು ಬೇಡ. ವಿಂಡೋಸಿನ ರೂಢಿ ಇರುವವರು ಸಿನಮನ್ ನೋಡಿ. ಎಲ್ಲವನ್ನೂ ತಮ್ಮ ಇಚ್ಛೆಯಂತೆ ತಿದ್ದಿಕೊಳ್ಳುವ ಚಪಲವುಳ್ಳವರಿಗೆ ಕೆಡಿಇಯ ಈಗಿನ ರೂಪವಾದ ಪ್ಲಾಸ್ಮಾ. ಯಂತ್ರ ತೀರಾ ಹಳೆಯದಾದರೆ ಎಕ್ಸ್‌ಎಫ್‌ಸಿಇ. ಪೆನ್‌ಡ್ರೈವಿನಿಂದಲೇ ನಡೆಸಿ, ಏನನ್ನೂ ಅಳಿಸದೆ, ಪರೀಕ್ಷಿಸಬಹುದು. ಮನೆಯಲ್ಲಿ ಹಿರಿಯರು ಅದನ್ನು ಬಳಸುವವರಿದ್ದರೆ ಆಯ್ಕೆಗೆ ಮುನ್ನ ಅವರನ್ನು ಕೂರಿಸಿ ತೋರಿಸಿ. ಒಮ್ಮೆ ಆರಿಸಿದ ಮೇಲೆ ಅವರನ್ನು ಕೇಳದೆ ಬದಲಿಸಬೇಡಿ.

ನಮ್ಮ ಮನೆಯ ಗಣಕಕ್ಕೆ 2013ರ ಬೇಸಗೆ ರಜೆಯಲ್ಲಿ ಅದೇ ವಿದ್ಯಾರ್ಥಿ ಬಂದು ಮಾಟೆ ಹಾಕಿಕೊಟ್ಟ. ಪಟ್ಟಿಗಳೆರಡೂ ಮೆನುಗಳು ಮೂರೂ ಸ್ವಸ್ಥಾನದಲ್ಲಿ ಬಂದು ಕುಳಿತವು. ಶ್ರೀಮತಿ ಕಪಾಟಿನ ಮೂಲೆಯಿಂದ ನೋಟುಪುಸ್ತಕವನ್ನು ತಂದು, ಕನ್ನಡಕ ಏರಿಸಿ, ಮೊದಲನೆಯ ಪುಟದಿಂದ ಒಂದೊಂದನ್ನೇ ಪರೀಕ್ಷಿಸಿದಳು. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಪುಸ್ತಕವನ್ನು ಪಕ್ಕಕ್ಕಿಟ್ಟಳು. ಅಂದು ರಾತ್ರಿ ಮೊಮ್ಮಗನ ಎರಡು ವರ್ಷದ ಚಿತ್ರಗಳನ್ನೆಲ್ಲ ಒಂದೇ ಪಟ್ಟಿಗೆ ಕುಳಿತು ನೋಡಿ ಮುಗಿಸಿದಳು. ಊಟ ತಡವಾಯಿತು.

ಅವಳು ಹೋಗಿ ಈಗ ಆರು ವರ್ಷ ದಾಟಿತು. ಆಮೇಲೆ ಗಣಕವನ್ನು ಒಮ್ಮೆ ಬದಲಿಸಿದ್ದೇನೆ, ಮಾಟೆಯನ್ನು ಬದಲಿಸಿಲ್ಲ. ನೋಟುಪುಸ್ತಕ ಮೇಜಿನ ಮೇಲಿದೆ. ಅದರ ಕೊನೆಯಲ್ಲಿ ಅವಳ ಕೈಬರಹದಲ್ಲಿ ಒಂದು ಸಾಲಿದೆ: 'ಆರಿಸುವಾಗ ಮೇಲಿನ ಸಾಲು, ಮೂರನೆಯ ಹೆಸರು, ವ್ಯವಸ್ಥೆ, ಅದರಲ್ಲಿ ಎಲ್ಲಕ್ಕಿಂತ ಕೆಳಗಿನದು.' ಇದನ್ನು ಬರೆದು ಮುಗಿಸಿ ಈಗ ಅದನ್ನೇ ಒತ್ತುತ್ತೇನೆ.